ಐದು ಮನೆಗೂ ಐದೂವರೆಗೂ ನಡುವೆ

"ಗುಂಯ್ ಅಂತಿದೆಯಲ್ಲ, ಅದು ಯಾವ ಶ್ರುತಿ ಸರ್?" ಎಂದು ಗಾಯಕಿ ಕೇಳಿದಾಗ ನಾನಿನ್ನೂ ತಂತಿ ಮುಟ್ಟಿರಲಿಲ್ಲ. ಭಾವಗೀತೆಯ ರೆಕಾರ್ಡಿಂಗು. ಅವರದು ಐದು ಮನೆ. ಪಲ್ಲವಿಗೆ ಮುಂಚೆ ನನ್ನ ಗಿಟಾರಿನ ಎಂಟು ಬಾರು. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ ಅವರೇ ಉತ್ತರ ಹೇಳಿದರು. "ಐದು ಮನೆಗಿಂತ ಒಂಚೂರು ಮೇಲಿದೆ, ಐದೂವರೆಗೆ ಬಂದಿಲ್ಲ. ಇದನ್ನ ಕಿವೀಲಿಟ್ಕೊಂಡು ಹಾಡಿದ್ರೆ ನನ್ನ ಶ್ರುತಿ ಎಲ್ಲಿಗೋ ಹೋಗತ್ತೆ."

ಆ ಕಿವಿಗೆ ಕೈ ಮುಗಿಯಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊರಳುತ್ತದೆ. ಅದು ವೈರಿನೊಳಗೆ ಸದ್ದಾಗಿ ಸೇರಿಕೊಂಡಾಗ 50 ಹರ್ಟ್ಸ್ ಜೊತೆಗೆ ಅದರ ದುಪ್ಪಟ್ಟು 100 ಕೂಡ ಇರುತ್ತದೆ. ಹೆಡ್‌ಫೋನಿನಲ್ಲಿ ಎದ್ದು ಕೇಳುವುದು ಹೆಚ್ಚಾಗಿ ಅದೇ. ಆ ಸ್ಥಾಯಿಯಲ್ಲಿ ಐದು ಮನೆ, ಅಂದರೆ ಜಿ, 98 ಹರ್ಟ್ಸ್. ಐದೂವರೆ ಸುಮಾರು 104. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನನಗಿದು ಗೊತ್ತಾಗಿದ್ದು. ಅವರು ಮೀಟರಿಲ್ಲದೆ ಹೇಳಿದ್ದರು.

ಆ ಗುಂಯ್, ಅಂದರೆ ಹಮ್, ಬರುತ್ತಿದ್ದದ್ದು ನನ್ನ ಕಡೆಯಿಂದ. ಕಾಲಡಿಯಲ್ಲಿ ನನ್ನ ಮಾಡೆಲರ್ ಇತ್ತು, ಆಂಪು, ಸ್ಪೀಕರ್ ಪೆಟ್ಟಿಗೆ, ಮೈಕು, ಪೆಡಲುಗಳು ಎಲ್ಲದರ ನಕಲನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಡಿಜಿಟಲ್ ಪೆಟ್ಟಿಗೆ. ನನ್ನ ಮಗನ ವಯಸ್ಸಿನ ರೆಕಾರ್ಡಿಂಗ್ ಹುಡುಗ ಗಾಜಿನಾಚೆಯಿಂದ ಎದ್ದು ಬಂದ. ನಾನು ಮೆನು ತೆರೆದು ನಾಯ್ಸ್ ಗೇಟ್ ಹುಡುಕುತ್ತಿದ್ದೆ. "ಅದನ್ನ ಬಿಡಿ ಸರ್. ಮೊದಲು ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ" ಅಂದ. ಮಾಡಿದೆ. ಸದ್ದು ಕದಲಲಿಲ್ಲ. "ಹಾಗಾದ್ರೆ ಪಿಕಪ್ ಅಲ್ಲ. ಪಿಕಪ್ಪಾಗಿದ್ರೆ ನೀವು ಕುರ್ಚಿ ತಿರುಗಿಸಿ ಕೂತ್ರೂ ಬದಲಾಗ್ತಿತ್ತು." ಆಮೇಲೆ ಬಗ್ಗಿ, ಮಾಡೆಲರಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದ ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಎಳೆದ. ನಿಶ್ಶಬ್ದ. ಮತ್ತೆ ಸಿಕ್ಕಿಸಿದ. ಗುಂಯ್. ಎಳೆದ. ನಿಶ್ಶಬ್ದ. ಮೂರನೇ ಸಲ ಮಾಡಿ ತೋರಿಸಿದ್ದು ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅಂತ ಅಂದುಕೊಂಡಿದ್ದೇನೆ.

ಆದದ್ದಿಷ್ಟು. ಮಾಡೆಲರಿನ ಮೂರು ಪಿನ್ನಿನ ಪ್ಲಗ್ಗು ಒಂದು ಗೋಡೆಯಲ್ಲಿ, ಲ್ಯಾಪ್‌ಟಾಪಿನದು ಇನ್ನೊಂದರಲ್ಲಿ, ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಸ್ಟುಡಿಯೋ ಇಂಟರ್‌ಫೇಸು ಮೂರನೆಯದರಲ್ಲಿ. ಮೂರೂ ಅರ್ಥ್‌ಗೆ ಸೇರಿವೆ, ಜೊತೆಗೆ ಆಡಿಯೋ ಕೇಬಲ್ಲು ಮತ್ತು ಯುಎಸ್‌ಬಿಯ ಹೊರ ಜಾಲರಿಯ ಮೂಲಕ ತಮ್ಮತಮ್ಮಲ್ಲೂ ಸೇರಿವೆ. ಒಂದು ಉಂಗುರವಾಯಿತು. ಬೇರೆ ಬೇರೆ ಸಾಕೆಟ್ಟಿನ ಅರ್ಥ್‌ಗಳ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸವಿದ್ದರೂ ಆ ಉಂಗುರದಲ್ಲಿ ಕರೆಂಟು ಹರಿಯುತ್ತದೆ, ಹರಿದದ್ದು ಸಿಗ್ನಲ್ಲಿಗೆ ಅಂಟಿಕೊಳ್ಳುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನುತ್ತಾರೆ. ಹುಡುಗ ಮೂರೂ ಪ್ಲಗ್ಗುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದ, ಮಾಡೆಲರಿನ ಹಿಂದಿದ್ದ, ಆ ಉಂಗುರವನ್ನು ಆಡಿಯೋ ಕೇಬಲ್ಲಿನ ಕಡೆ ಕಡಿಯುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದ. ಆ ಗುಂಡಿ ಅಲ್ಲಿದೆ ಅನ್ನುವುದು ನಾಲ್ಕು ವರ್ಷದಿಂದ ಆ ಪೆಟ್ಟಿಗೆಯ ಯಜಮಾನನಾಗಿದ್ದ ನನಗೆ ತಿಳಿದಿರಲಿಲ್ಲ.

ನಾಲ್ಕು ವರ್ಷ ನಾನು ಮಾಡಿದ್ದೇನು ಅಂತ ಕೇಳಬೇಡಿ. ಟೋನ್ ಹುಡುಕುತ್ತಿದ್ದೆ. ಕೇಳಿಸಿದ ಕಸಕ್ಕೆಲ್ಲ ಪೆಟ್ಟಿಗೆಯೊಳಗೆ ಮದ್ದು ಹುಡುಕುತ್ತಿದ್ದೆ. ಕಸ ಇದ್ದದ್ದು ಪೆಟ್ಟಿಗೆ ಇನ್ನೊಂದು ಪೆಟ್ಟಿಗೆಯನ್ನು ಮುಟ್ಟುವ ಜಾಗದಲ್ಲಿ. ಪ್ರತಿಯೊಂದು ಸಲವೂ ಅಲ್ಲೇ.

ಮಾಡೆಲರ್ ಕೊಂಡ ಕಾರಣ ಸಂಗೀತಕ್ಕಿಂತ ಹೆಚ್ಚಾಗಿ ಕೆಳಗಿನ ಮನೆಯ ಅಜ್ಜಿ. ವಾಲ್ವ್ ಆಂಪು ತನ್ನ ಗುಣ ತೋರಿಸಬೇಕಾದರೆ ಕೂಗಲೇಬೇಕು, ತ್ಯಾಗರಾಜನಗರದ ಮಹಡಿ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅದು ನಡೆಯುವ ಮಾತಲ್ಲ. 1998ರಲ್ಲಿ ಲೈನ್ ಸಿಕ್ಸ್‌ನವರು ಪಾಡ್ ಅಂತ ಒಂದನ್ನು ತಂದರು, ರಾಜ್ಮಾ ಕಾಳಿನ ಆಕಾರದ ಕೆಂಪು ಡಬ್ಬಿ. ಹೆಡ್‌ಫೋನಿನಲ್ಲೇ ಆಂಪಿನ ಅಬ್ಬರ ಕೇಳಬಹುದು ಅಂತ ಆಗ ಗಿಟಾರಿನವರೆಲ್ಲ ಬೆರಗಾದದ್ದು ನಿಜ. ಮುಂದೆ 2006ರಲ್ಲಿ ಆಕ್ಸ್-ಎಫ್‌ಎಕ್ಸ್, 2015ರಲ್ಲಿ ಹೀಲಿಕ್ಸ್. ನಾನು ಈ ಮೆರವಣಿಗೆಯನ್ನು ಸೇರಿಕೊಂಡದ್ದು ಬಾಲದಲ್ಲಿ.

ಮೊದಲ ದಿನದ ಪೆದ್ದುತನ ಹೇಳಿಬಿಡುತ್ತೇನೆ. ನನ್ನ ಇಂಟರ್‌ಫೇಸಿನ ಮುಂಭಾಗದಲ್ಲಿ ಒಂದು ಜ್ಯಾಕು, ಅದರ ಪಕ್ಕ ಪುಟ್ಟ ಗಿಟಾರಿನ ಚಿತ್ರ. ನಾನು ಗಿಟಾರಿನವನು, ಕೈಯಲ್ಲಿರುವುದು ಗಿಟಾರಿನ ಪೆಟ್ಟಿಗೆ, ಅಲ್ಲೇ ಚುಚ್ಚಿದೆ. ಗೇನ್ ಪೂರ್ತಿ ಇಳಿಸಿದರೂ ಕೆಂಪು ದೀಪ ಆರಲೊಲ್ಲದು. ಆ ಚಿತ್ರವಿರುವ ಇನ್‌ಪುಟ್ಟು ಗಿಟಾರಿನ ಪಿಕಪ್ಪಿಗೆ ಮಾಡಿದ್ದು. ಪಿಕಪ್ಪಿನ ಸಿಗ್ನಲ್ಲು ಬಡಕಲು, ಅದಕ್ಕೆ ಹತ್ತು ಲಕ್ಷ ಓಮ್‌ನ ಸುತ್ತಮುತ್ತ ಇಂಪೀಡೆನ್ಸು ಬೇಕು. ಮಾಡೆಲರಿನಿಂದ ಹೊರಬರುವುದು ಆಗಲೇ ಉಂಡು ತೇಗಿದ ಲೈನ್ ಲೆವೆಲ್ಲು. ಸ್ಟುಡಿಯೋದವರ ಪ್ಲಸ್ 4 ಡಿಬಿಯು ಅಂದರೆ ಸುಮಾರು 1.23 ವೋಲ್ಟು, ಮನೆಬಳಕೆಯ ಸಾಮಾನಿನ ಮೈನಸ್ 10 ಡಿಬಿವಿ ಅಂದರೆ 0.32ರ ಆಸುಪಾಸು. ನಾಲ್ಕು ಪಟ್ಟು ಹತ್ತಿರದ ಅಂತರ. ಸರಿಯಾದ ದಾರಿ ಹಿಂಭಾಗದ ಲೈನ್ ಇನ್. ಅದೂ ಎರಡು ಕಪ್ಪು ಪಟ್ಟಿಯಿರುವ ಟಿಆರ್‌ಎಸ್ ಜ್ಯಾಕಿನಲ್ಲಿ, ಒಂದೇ ಪಟ್ಟಿಯ ಮಾಮೂಲಿ ಗಿಟಾರ್ ವೈರಿನಲ್ಲಲ್ಲ. ಈಗ ಜೋರಾದ ಮೀಟು ಕೂಡ ಕಂಪ್ಯೂಟರಿನ ಮೀಟರಿನಲ್ಲಿ ಮೈನಸ್ 10 ದಾಟದ ಹಾಗೆ ಇಡುತ್ತೇನೆ. 24 ಬಿಟ್ಟಿನ ರೆಕಾರ್ಡಿಂಗಿನಲ್ಲಿ ಮೀಟರಿನ ನೆತ್ತಿ ಮುಟ್ಟಿಸುವ ಚಪಲಕ್ಕೆ ಅರ್ಥವೇ ಇಲ್ಲ, ಕ್ಯಾಸೆಟ್ ಕಾಲದ ಆ ಅಭ್ಯಾಸ ಬಿಡಲು ಮಾತ್ರ ನನಗೆ ವರ್ಷ ಹಿಡಿಯಿತು.

ಎಕ್ಸ್‌ಎಲ್‌ಆರ್ ಕೇಬಲ್ ಹಾಕಿ ಮೈಕಿನ ಇನ್‌ಪುಟ್ಟಿಗೆ ಕೊಡುವವರಿದ್ದಾರೆ, ತಪ್ಪಲ್ಲ. ಆದರೆ ಸಣ್ಣ ಇಂಟರ್‌ಫೇಸುಗಳಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ ಗುಂಡಿ ಎರಡು ಮೂರು ಚಾನೆಲ್ಲಿಗೆ ಒಂದೇ ಇರುತ್ತದೆ. ಗಾಯಕಿಯ ಕಂಡೆನ್ಸರ್ ಮೈಕಿಗೆ ಅದು ಬೇಕು, ನನ್ನ ಮಾಡೆಲರಿನ ಬಾಲಕ್ಕೆ ಬೇಡ. ತಡೆದುಕೊಳ್ಳುವ ಪೆಟ್ಟಿಗೆಗಳಿವೆ. ನನ್ನದರ ಮೇಲೆ ಆ ಪರೀಕ್ಷೆ ಮಾಡುವ ಉತ್ಸಾಹ ನನಗಿಲ್ಲ.

ಡಿಜಿಟಲ್ ಕೇಬಲ್ಲಿನಲ್ಲಿ ನೇರ ಕೊಟ್ಟರೆ ಈ ರಗಳೆಯೇ ಇಲ್ಲ ಅಂತ ಯಾರೋ ಹೇಳಿದರು. ಸ್ಪಿಡಿಫ್ ಅನ್ನುವ ಸೋನಿ-ಫಿಲಿಪ್ಸ್ ಜೋಡಿಯ ಸಂಪರ್ಕ ನನ್ನ ಎರಡೂ ಪೆಟ್ಟಿಗೆಯಲ್ಲಿತ್ತು. ಎಸ್‌ಪಿ ರೋಡಿಗೆ ಹೊಸ ವೈರು ಕೊಳ್ಳಲು ಹೋಗುವ ಮೊದಲು ಅಟ್ಟದ ಮೇಲಿದ್ದ ಹಳೆ ವಿಸಿಡಿ ಪ್ಲೇಯರಿನ ಕೇಬಲ್ ತೆಗೆದೆ, ಕೆಂಪು-ಬಿಳಿ-ಹಳದಿಯದು. ಕೆಂಪು ಹಾಕಿದೆ, ಆಗಾಗ ಸದ್ದು ಹರಿದುಹೋಗುತ್ತಿತ್ತು. ಹಳದಿ ಹಾಕಿದೆ, ಗಟ್ಟಿಯಾಗಿ ನಿಂತಿತು. ಸ್ಪಿಡಿಫ್‌ಗೆ ಬೇಕಾದದ್ದು 75 ಓಮ್‌ನ ವೈರು, ವಿಡಿಯೋಗೆ ಬೇಕಾದದ್ದೂ ಅದೇ. ಎಸ್‌ಪಿ ರೋಡಿನ ಖರ್ಚು ಉಳಿಯಿತು.

ಆದರೂ ಟಿಕ್ ಅನ್ನುವುದು ನಿಲ್ಲಲಿಲ್ಲ. ಲೆಕ್ಕವಿಲ್ಲದ ಹೊತ್ತಿಗೆ, ಒಂದು ಟಿಕ್. ಮಾಡೆಲರು ಸೆಕೆಂಡಿಗೆ 48,000 ಸಲ ಎಣಿಸುತ್ತಿದೆ, ಇಂಟರ್‌ಫೇಸೂ ಅಷ್ಟೇ ಎಣಿಸುತ್ತಿದೆ, ಆದರೆ ತಂತಮ್ಮ ಗಡಿಯಾರದಲ್ಲಿ. ಮೃದಂಗದವರೊಂದು ತಾಳ ಘಟದವರೊಂದು ತಾಳ ಹಾಕಿಕೊಂಡರೆ ತನಿಯಲ್ಲಿ ಏನಾಗುತ್ತದೋ ಅದೇ ಆಗುತ್ತಿತ್ತು: ಇಬ್ಬರೂ ಸರಿ, ಮುಕ್ತಾಯ ಮಾತ್ರ ಕೂಡುವುದಿಲ್ಲ. ಇಂಟರ್‌ಫೇಸಿನ ಕ್ಲಾಕನ್ನು ಇಂಟರ್ನಲ್‌ನಿಂದ ಸ್ಪಿಡಿಫ್‌ಗೆ ಬದಲಿಸಿದೆ. ಆಮೇಲಿಂದ ತಾಳ ಮಾಡೆಲರಿನದು, ಟಿಕ್ ಇಲ್ಲ. ಇದಕ್ಕಿಂತ ಮುಂಚೆ ಒಂದು ರಾತ್ರಿ 48ರಲ್ಲಿ ನುಡಿಸಿದ ಟ್ರ್ಯಾಕನ್ನು 44.1ರ ಪ್ರಾಜೆಕ್ಟಿನೊಳಗೆ ಪರಿವರ್ತಿಸದೆ ಎಳೆದುಹಾಕಿ, ಗಿಟಾರ್ ಒಂದೂವರೆ ಸೆಮಿಟೋನ್ ಕೆಳಗಿಳಿದು ತೂಕಡಿಸಿದಂತೆ ಹಾಡಿದ್ದಕ್ಕೆ ಟ್ಯೂನರನ್ನು ಬೈದಿದ್ದೆ. ಅದನ್ನಿಲ್ಲಿ ವಾಪಸ್ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಸಂಜೆ ಗಿಟಾರು ಪಿವಿಸಿ ಪೈಪಿನೊಳಗಿಂದ ಬಂದ ಹಾಗಿತ್ತು. ಮಾಡೆಲರಿನ ಸದ್ದು ನೇರ ಕಿವಿಗೂ ಬರುತ್ತಿದೆ, ಕಂಪ್ಯೂಟರಿನೊಳಗೆ ಸುತ್ತಿ ಕೆಲವು ಮಿಲಿಸೆಕೆಂಡು ತಡವಾಗಿ ಇನ್ನೊಮ್ಮೆಯೂ ಬರುತ್ತಿದೆ. ಎರಡರಲ್ಲಿ ಒಂದನ್ನು ಮುಚ್ಚಿದರೆ ಮುಗಿಯಿತು. ಇದರಷ್ಟೇ ಸುಲಭದ ಇನ್ನೊಂದು: ಮಾಡೆಲರಿನೊಳಗೊಂದು ಸ್ಪೀಕರ್ ಪೆಟ್ಟಿಗೆಯ ನಕಲು, ಕಂಪ್ಯೂಟರಿನ ಪ್ಲಗಿನ್ನಿನಲ್ಲಿ ಇನ್ನೊಂದು. ಹನ್ನೆರಡಿಂಚಿನ ಗಿಟಾರ್ ಸ್ಪೀಕರು 5,000 ಹರ್ಟ್ಸ್ ದಾಟುತ್ತಲೇ ಕೈಚೆಲ್ಲುತ್ತದೆ. ಆ ಕೈಚೆಲ್ಲುವಿಕೆಯನ್ನು ಎರಡು ಸಲ ಹಾಕಿದರೆ ಕಂಬಳಿ ಹೊದ್ದ ಗಿಟಾರು. ಮಾನಿಟರ್ ಸ್ಪೀಕರಿಗೆ ಕೊಡುವಾಗ ಸ್ಪೀಕರ್ ಪೆಟ್ಟಿಗೆಯ ನಕಲು ಒಂದಿರಲೇಬೇಕು, ಇಲ್ಲದಿದ್ದರೆ ಜೇನ್ನೊಣ. ಎರಡಿರಬಾರದು.

ರಾತ್ರಿ ಹನ್ನೊಂದಕ್ಕೆ ಪಿಸುದನಿಯಲ್ಲಿ ಹದ ಮಾಡಿದ ಟೋನು ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಬೆಳಿಗ್ಗೆ ಗುಡುಗಿದ್ದಕ್ಕೆ ಯಾವ ಕೇಬಲ್ಲೂ ಹೊಣೆಯಲ್ಲ. ಸದ್ದು ಕಡಿಮೆಯಿದ್ದಾಗ ಕಿವಿಗೆ ತಗ್ಗಿನ ಸ್ವರ, ತುಂಬ ಮೇಲಿನ ಸ್ವರ ಮಂಕಾಗಿ ಕೇಳುತ್ತವೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ಬರೆದಿಟ್ಟಿದ್ದಾರೆ. ನಾವು ಬಾಸು ತಿರುಗಿಸಿ ತಿರುಗಿಸಿ ಆ ಕೊರತೆ ತುಂಬಿರುತ್ತೇವೆ, ಜೋರು ಮಾಡಿದಾಗ ಅದು ಬಡ್ಡಿ ಸಮೇತ ಬರುತ್ತದೆ. ಈಗ ಕೊನೆಯ ತಿದ್ದುಪಡಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಜ್ಜಿ ದೇವಸ್ಥಾನಕ್ಕೆ ಹೋದಾಗ.

ಹಮ್‌ನ ಕತೆ ಮಾತ್ರ ಮನೆಯವರೆಗೂ ಬೆನ್ನು ಹತ್ತಿತು. ಸ್ಟುಡಿಯೋದಲ್ಲಿ ಕೆಲಸ ಮಾಡಿದ ಎಕ್ಸ್‌ಟೆನ್ಷನ್ ಬೋರ್ಡಿನ ಉಪಾಯ ನನ್ನ ಕೋಣೆಯಲ್ಲಿ ಅರ್ಧ ಮಾತ್ರ ಫಲಿಸಿತು. ಅರ್ಥ್ ಪಿನ್ನು ಮುರಿದುಬಿಡಿ, ಸರಿಹೋಗುತ್ತೆ ಅಂತ ಒಬ್ಬ ಗೆಳೆಯರು ಹೇಳಿದರು. ವೇದಿಕೆಯವರಲ್ಲಿ ಇದು ಹಳೆಯ ಚಾಳಿ. ದಯವಿಟ್ಟು ಬೇಡ. ಗಿಟಾರಿನ ತಂತಿ ಕೇಬಲ್ಲಿನ ಮೂಲಕ ಪೆಟ್ಟಿಗೆಯ ಲೋಹಕ್ಕೆ ಸೇರಿದೆ, ತಂತಿಯ ಮೇಲೆ ನಿಮ್ಮ ಬೆರಳಿದೆ, ತುಟಿ ಮೈಕಿನ ಜಾಲರಿಗೆ ತಾಗುತ್ತದೆ. ಒಳಗೆ ಫೇಸ್ ಎಲ್ಲಾದರೂ ಸೋರಿದರೆ ಅದು ಇಳಿಯುವ ದಾರಿ ನೀವೇ.

ಅದರ ಬದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಅವರು ಬಂದು ಹೋಲ್ಡರಿನ ಬಲ್ಬೊಂದನ್ನು ಸಾಕೆಟ್ಟಿನ ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟರು, ಧಗ್ಗನೆ ಉರಿಯಿತು. ಫೇಸಿಗೂ ಅರ್ಥಿಗೂ ಇಟ್ಟರು. ಬಲ್ಬಿನ ತಂತಿ ಕೆಂಪಗೆ ಮಿಣುಕಿತು, ಅಷ್ಟೇ. "ನಿಮ್ಮ ಅರ್ಥಿಂಗ್ ಹೆಸರಿಗೆ ಇದೆ ಸಾರ್." ಹಿತ್ತಲಿನ ಗುಂಡಿ ವರ್ಷಗಳಿಂದ ನೀರು ಕಂಡಿರಲಿಲ್ಲ. ಇದ್ದಿಲು, ಕಲ್ಲುಪ್ಪು ಪದರ ಪದರವಾಗಿ ಹಾಕಿ, ಹೊಸ ಜಿಐ ಪೈಪು ಇಳಿಸಿ, ಮೇಲೆ ಎರಡು ಬಕೆಟ್ ನೀರು ಸುರಿದರು. ಮನೆ ಓನರು ಮೇಲಿಂದ ಇಣುಕಿ, "ಏನ್ರೀ ಇದು, ಗಿಟಾರಿಗೆ ಉಪ್ಪಿನಕಾಯಿ ಹಾಕಿಸ್ತಿದೀರಾ?" ಅಂದರು. ಖರ್ಚು ಹಂಚಿಕೊಳ್ಳುವ ವಿಷಯ ತೆಗೆದಾಗ ಒಳಗೆ ಹೋದರು.

ಆ ರಾತ್ರಿ ಹೆಡ್‌ಫೋನಿನಲ್ಲಿ ಐದು ಮನೆಯೂ ಇಲ್ಲ, ಐದೂವರೆಯೂ ಇಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ನೀರು ಹಾಕುತ್ತೇನೆ, ತುಳಸಿಗೆ ಹಾಕುವಾಗಲೇ. ಕರೆಂಟು ಹೋಗಿ ಇನ್ವರ್ಟರ್ ಶುರುವಾದರೆ ಗಿಟಾರು ಕೆಳಗಿಡುತ್ತೇನೆ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರು, ಅದರ ಗರಗರಕ್ಕೆ ಗ್ರೌಂಡ್ ಲಿಫ್ಟೂ ಇಲ್ಲ, ಉಪ್ಪೂ ಇಲ್ಲ.

ಉಳಿದಿರುವುದು ಫ್ರಿಜ್ಜು. ಅದರ ಕಂಪ್ರೆಸರ್ ಶುರುವಾದಾಗಲೆಲ್ಲ ರೆಕಾರ್ಡಿಂಗಿನಲ್ಲಿ ಟಪ್ ಅನ್ನುತ್ತದೆ. ಹಾಗಾಗಿ ಟೇಕ್ ಮುಗಿಯುವವರೆಗೆ ಅದನ್ನು ಆಫ್ ಮಾಡುತ್ತೇನೆ. ಒಮ್ಮೆ ಮರೆತು ಮಲಗಿ, ಬೆಳಿಗ್ಗೆ ಹುಳಿ ಬಂದ ದೋಸೆ ಹಿಟ್ಟಿನ ಬಗ್ಗೆ ಮನೆಯಲ್ಲಿ ದೊಡ್ಡ ವಿಚಾರಣೆ ನಡೆದ ಮೇಲೆ, ಸಿನಿಮಾ ಸೌಂಡಿನವರ ಹಳೆಯ ಉಪಾಯ ಹಿಡಿದಿದ್ದೇನೆ. ಫ್ರಿಜ್ಜಿನ ಸ್ವಿಚ್ ಆರಿಸಿದ ಕೂಡಲೇ ಸ್ಕೂಟರಿನ ಕೀ ಅದರೊಳಗೆ ಇಡುವುದು. ಬೆಳಿಗ್ಗೆ ಆಫೀಸಿಗೆ ಹೊರಟಾಗ ಕೀ ಹುಡುಕಿಕೊಂಡು ಅಲ್ಲಿಗೆ ಹೋಗಲೇಬೇಕು. ಹೆಂಡತಿಗೆ ಈಗ ಅಭ್ಯಾಸವಾಗಿದೆ. ಮೊಸರಿನ ಪಾತ್ರೆಯ ಪಕ್ಕ ಕೀ ಕಂಡರೆ ಕೂಗಿ ಕೇಳುತ್ತಾಳೆ: "ಟೇಕ್ ಮುಗೀತೇನ್ರೀ?"