ಫೈಲಿನ ಹೆಸರಿಗೆ ಬಾಲ ಯಾಕೆ?



ಕಂಪ್ಯೂಟರಿನಲ್ಲಿ ಒಂದು ಪತ್ರ ಟೈಪ್ ಮಾಡಿ ‘ರಜೆ ಅರ್ಜಿ’ ಅಂತ ಹೆಸರು ಕೊಟ್ಟು ಸೇವ್ ಮಾಡುತ್ತೇವೆ. ನಾವು ಕೊಟ್ಟ ಹೆಸರು ಅಷ್ಟೇ. ಆದರೆ ವರ್ಡ್ ಅದನ್ನು ‘ರಜೆ ಅರ್ಜಿ.ಡಾಕ್ಸ್’ ಎಂದು ಇಟ್ಟುಕೊಳ್ಳುತ್ತದೆ. ಕೊನೆಯ ಚುಕ್ಕಿಯ ಆಚೆ ಬರುವ ಈ ಅಕ್ಷರಗಳಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಾವು ಬಾಲ ಅಂತಲೇ ಕರೆಯೋಣ, ಬರೆಯಲು ಸುಲಭ.

ಈ ಬಾಲ ಹಳೆಯದು. ಎಂ.ಎಸ್. ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರ, ಅಷ್ಟೇ ಜಾಗ. ವಿಂಡೋಸ್ 95 ಬಂದ ಮೇಲೆ ಉದ್ದ ಹೆಸರು ಇಡುವುದಕ್ಕಾಯಿತು. ವರ್ಡ್‌ನ ಬಾಲ ಬಹಳ ವರ್ಷ ‘ಡಾಕ್’ ಇತ್ತು, 2007ರ ಆಫೀಸಿನಿಂದ ‘ಡಾಕ್ಸ್’ ಆಯಿತು. ಹಾಗೇ ಎಕ್ಸೆಲ್‌ನ ‘ಎಕ್ಸ್‌ಎಲ್‌ಎಸ್’ ಕೊನೆಗೆ ಇನ್ನೊಂದು ‘ಎಕ್ಸ್’ ಸೇರಿತು. ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್‌ನಲ್ಲಿ ಪತ್ರಕ್ಕೆ ‘ಒಡಿಟಿ’, ಲೆಕ್ಕದ ಹಾಳೆಗೆ ‘ಒಡಿಎಸ್’.

ಈಗ ಮುಖ್ಯ ವಿಷಯ. ಬಾಲ ಅನ್ನುವುದು ಡಬ್ಬಿಯ ಮೇಲಿನ ಚೀಟಿ, ಒಳಗಿನ ಸಾಮಾನಲ್ಲ. ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು ಇರುತ್ತದಲ್ಲ, ಚೀಟಿ ನೋಡಿ ಹಾಲಿಗೆ ಹಾಕಿದರೆ ಏನಾಗುತ್ತೆ? ಫೈಲಿನ ಮೇಲೆ ಒತ್ತಿದಾಗ ವಿಂಡೋಸ್ ನೋಡುವುದು ಚೀಟಿಯನ್ನು ಮಾತ್ರ. ‘ಡಾಕ್ಸ್’ ಅಂದರೆ ವರ್ಡ್ ಕರಿ, ‘ಎಕ್ಸ್‌ಎಲ್‌ಎಸ್‌ಎಕ್ಸ್’ ಅಂದರೆ ಎಕ್ಸೆಲ್ ಕರಿ, ಅಷ್ಟೇ ಅದಕ್ಕೆ ಗೊತ್ತು.

ಆದ್ದರಿಂದ ರೀನೇಮ್ ಮಾಡಿ ಬಾಲ ಬದಲಿಸಿದರೆ ಫೈಲು ಬದಲಾಗುವುದಿಲ್ಲ. ಹಳೇ ‘ಎಕ್ಸ್‌ಎಲ್‌ಎಸ್’ ಹಾಳೆಗೆ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಅಂತ ಬರೆದು ಒತ್ತಿ ನೋಡಿ. ಎಕ್ಸೆಲ್ ತೆರೆಯುವುದೇ ಇಲ್ಲ, ಬಾಲ ಸರಿಯಿಲ್ಲ ಅನ್ನುತ್ತದೆ. ವಿದ್ಯಾರ್ಥಿವೇತನದ ಪಟ್ಟಿ ಕಳಿಸುವ ಕೊನೇ ದಿನ ಸಂಜೆ ಹೀಗಾದರೆ ಪಟ್ಟಿಯಲ್ಲಿದ್ದ ಮಕ್ಕಳ ಗತಿ ಏನು! ಅದನ್ನು ನಿಜವಾಗಿ ಬದಲಿಸಬೇಕಾದರೆ ಫೈಲು ತೆರೆದು ‘ಸೇವ್ ಆ್ಯಸ್’ಗೆ ಹೋಗಿ, ಹೆಸರಿನ ಕೆಳಗಿನ ‘ಸೇವ್ ಆ್ಯಸ್ ಟೈಪ್’ ಎಂಬಲ್ಲಿ ಬೇಕಾದ ಬಗೆ ಆರಿಸಬೇಕು. ಆಗ ಸಾಮಾನೂ ಬದಲಾಗುತ್ತದೆ, ಚೀಟಿಯೂ ಬದಲಾಗುತ್ತದೆ.

ಲಿಬ್ರೆಆಫೀಸ್ ಬಳಸುವವರು ಅದೇ ಕಿಟಕಿಯಲ್ಲಿ ‘ಆಟೋಮ್ಯಾಟಿಕ್ ಫೈಲ್ ನೇಮ್ ಎಕ್ಸ್‌ಟೆನ್ಷನ್’ ಅಂತ ಒಂದು ಚೌಕ ಇದೆಯಾ ನೋಡಿ. ಅದಕ್ಕೆ ಟಿಕ್ ಇದ್ದರೆ ಬಾಲ ತಾನೇ ಬರುತ್ತದೆ. ತೆಗೆದರೆ ನಾವೇ ಬರೆಯಬೇಕು. ಟಿಕ್ ತೆಗೆದು ‘ಸಭೆ 12.3.2024’ ಅಂತ ತಾರೀಖು ಹಾಕಿಬಿಟ್ಟರೆ ಕೊನೇ ಚುಕ್ಕಿಯ ಆಚೆ ಇರುವ ‘2024’ ಅನ್ನೇ ವಿಂಡೋಸ್ ಬಾಲ ಅಂದುಕೊಳ್ಳುತ್ತದೆ. ಯಾವುದರಲ್ಲಿ ತೆರೆಯಲಿ ಅಂತ ನಮ್ಮನ್ನೇ ಕೇಳುತ್ತದೆ, ಪಾಪ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಅಂಥ ಪತ್ರವನ್ನು ‘ಟಿಎಕ್ಸ್‌ಟಿ’ ಬಗೆಯಲ್ಲಿ ಉಳಿಸಿದರೆ ಫಾಂಟಿನ ಗುರುತು ಹೋಗಿಬಿಡುತ್ತದೆ, ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹೆದರಿ ಅಳಿಸಿಬಿಡಬೇಡಿ. ವರ್ಡ್‌ನಲ್ಲಿ ತೆರೆದು, ಎಲ್ಲವನ್ನೂ ಆರಿಸಿ ಮತ್ತೆ ಅದೇ ನುಡಿ ಫಾಂಟು ಕೊಟ್ಟರೆ ಸಾಮಾನ್ಯವಾಗಿ ಕನ್ನಡ ವಾಪಸ್ಸು ಬರುತ್ತದೆ.

ಯುನಿಕೋಡ್ ಕನ್ನಡದ ಕಥೆ ಬೇರೆ. ಎಕ್ಸೆಲ್‌ನಲ್ಲಿ ಮಕ್ಕಳ ಹೆಸರಿನ ಪಟ್ಟಿ ಮಾಡಿ ‘ಸಿಎಸ್‌ವಿ’ ಬಗೆಯಲ್ಲಿ ಉಳಿಸಬೇಕಾಗಿ ಬಂತು ಅನ್ನಿ. ಅಲ್ಲಿ ಬರೀ ‘ಸಿಎಸ್‌ವಿ’ ಅಂತ ಒಂದಿದೆ, ‘ಸಿಎಸ್‌ವಿ ಯುಟಿಎಫ್-8’ ಅಂತ ಇನ್ನೊಂದಿದೆ. ಮೊದಲನೆಯದನ್ನು ಆರಿಸಿದರೆ ಕನ್ನಡದ ಹೆಸರುಗಳೆಲ್ಲಾ ‘?????’ ಆಗುತ್ತವೆ. ಇವು ವಾಪಸ್ಸು ಬರುವುದಿಲ್ಲ, ಯಾಕೆಂದರೆ ಫೈಲಿನೊಳಗೆ ಬರೆದದ್ದೇ ಪ್ರಶ್ನೆಚಿಹ್ನೆ. ಎರಡನೆಯದರಲ್ಲಿ ಕನ್ನಡ ಹಾಗೇ ಉಳಿಯುತ್ತದೆ. ಎರಡಕ್ಕೂ ಬಾಲ ಮಾತ್ರ ಒಂದೇ! ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಹಾಗಾಗಿ ಮೊದಲು ಮಾಮೂಲಿ ಎಕ್ಸೆಲ್ ಪ್ರತಿ ಒಂದನ್ನು ಇಟ್ಟುಕೊಂಡೇ ಮುಂದಿನ ಕೆಲಸ ಮಾಡಬೇಕು.

ಡಬ್ಬಿಯೊಳಗೆ ಏನಿದೆ ನೋಡುವ ಆಸೆಯಿದ್ದವರಿಗೆ ಒಂದು ಪ್ರಯೋಗ. ಯಾವುದಾದರೂ ಡಾಕ್ಸ್ ಫೈಲಿನ ಇನ್ನೊಂದು ಪ್ರತಿ ಮಾಡಿ (ಪ್ರತಿಯನ್ನೇ ಬಳಸಿ, ಸಾರ್ ಅವರ ಫೈಲು ಮುಟ್ಟಬೇಡಿ), ಅದರ ಬಾಲವನ್ನು ‘ಜಿಪ್’ ಅಂತ ಬದಲಿಸಿ ತೆರೆಯಿರಿ. ಒಳಗೆ ‘ವರ್ಡ್’ ಎಂಬ ಫೋಲ್ಡರು, ಅದರೊಳಗೆ ‘ಡಾಕ್ಯುಮೆಂಟ್.ಎಕ್ಸ್‌ಎಂಎಲ್’ ಕಾಣುತ್ತದೆ. ನಾವು ಬರೆದ ಮಾತುಗಳಿರುವುದು ಅದರಲ್ಲಿ. ಬಾಲ ಬದಲಿಸಿದರೂ ಇದು ತೆರೆಯಿತಲ್ಲ ಅಂತ ಕೇಳಬಹುದು. ಡಾಕ್ಸ್ ಎಂಬುದು ಮೊದಲಿನಿಂದಲೂ ಜಿಪ್ ಗಂಟೇ, ಅದಕ್ಕೆ ತೆರೆಯಿತು.

ವಿಂಡೋಸ್ ಮಾಮೂಲಿಯಾಗಿ ಪರಿಚಿತ ಬಾಲಗಳನ್ನು ತೋರಿಸುವುದಿಲ್ಲ. ಇದರಿಂದ ಜಗತ್ತಿಗೇ ಪೆಟ್ಟು ಬಿದ್ದದ್ದುಂಟು. 2000ನೇ ಇಸವಿಯ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಇ-ಮೇಲಿನಲ್ಲಿ ಹರಡಿತು. ಅದರ ಫೈಲಿನ ಹೆಸರು ‘ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿತ್ತು. ನಿಜವಾದ ಬಾಲ ವಿಬಿಎಸ್, ಅಂದರೆ ಒತ್ತಿದರೆ ಕೆಲಸ ಶುರು ಮಾಡುವ ಪ್ರೋಗ್ರಾಮು. ಅದು ಮರೆಯಾಗಿ ಟಿಎಕ್ಸ್‌ಟಿ ಮಾತ್ರ ಕಂಡದ್ದರಿಂದ ಬರೀ ಕಾಗದ ಅಂತ ಜನ ಒತ್ತಿದರು.

ಬಾಲ ಕಾಣಬೇಕಾದರೆ ವಿಂಡೋಸ್ 10ರಲ್ಲಿ ಫೋಲ್ಡರು ತೆರೆದು ಮೇಲಿನ ‘ವ್ಯೂ’ ಒತ್ತಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ. ವಿಂಡೋಸ್ 11 ಆದರೆ ‘ವ್ಯೂ’ ಆದ ಮೇಲೆ ‘ಶೋ’ ಒತ್ತಿ, ಅದರೊಳಗಿದೆ.