ಅಂಕಿಗಳಿಂದ ಅರಿವಿಗೆ

ಮಾಹಿತಿಯನ್ನು ಕೂಡಿಡುವುದು ಒಂದು ಕೆಲಸ. ಅದರಿಂದ ಅರಿವನ್ನು ಪಡೆಯುವುದು ಇನ್ನೊಂದು. ಕಣದಲ್ಲಿ ರಾಗಿಯ ತೆನೆ ರಾಶಿ ಬಿದ್ದ ಮಾತ್ರಕ್ಕೆ ಹಸಿವು ಹಿಂಗುವುದಿಲ್ಲ. ಅದನ್ನು ಒಕ್ಕಬೇಕು, ತೂರಬೇಕು, ಕೇರಬೇಕು. ಅಂಕಿ ಅಂಶಗಳ ವಿಷಯವೂ ಹಾಗೆಯೇ. ಬೇಕಾದುದನ್ನು ಬೇಕಾದಾಗ ಹುಡುಕಿ ತೆಗೆಯಲು ಅನುವಾಗುವಂತೆ, ಸಾಲು ಮತ್ತು ಅಂಕಣಗಳಲ್ಲಿ ಅಳವಡಿಸಿಟ್ಟ ಮಾಹಿತಿಯ ಭಂಡಾರಕ್ಕೆ ದತ್ತಸಂಚಯವೆಂದು ಹೆಸರು. ಗಣಕಯಂತ್ರವು ಅದನ್ನು ಕ್ಷಣಮಾತ್ರದಲ್ಲಿ ವಿಂಗಡಿಸಿ ಕೊಡುತ್ತದೆ. ಆದರೆ ಪ್ರಶ್ನೆಯನ್ನು ಕೇಳಬೇಕಾದವನು ಮನುಷ್ಯನೇ.

ಚಿತ್ರದುರ್ಗ ಜಿಲ್ಲೆಯ ಒಂದು ನಿದರ್ಶನವನ್ನು ನೋಡೋಣ. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ಜಲಾಶಯ, ಎಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಅದು ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ ಕಳೆದವು 89 ವರ್ಷಗಳು! ಹೀಗೇಕಾಯಿತು?

ತರಗತಿಯಲ್ಲಿ ಈ ಪ್ರಶ್ನೆ ಎದ್ದರೆ, "ಮಳೆ ಸಾಲಲಿಲ್ಲ" ಎಂಬ ಉತ್ತರ ಥಟ್ಟನೆ ಬರುತ್ತದೆ. ಅದನ್ನು ಒರೆಗೆ ಹಚ್ಚಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮಳೆಯ ಅಳತೆಯನ್ನೂ ಜಲಾಶಯದ ಮಟ್ಟವನ್ನೂ ವರ್ಷವಾರು ಒಂದು ಕೋಷ್ಟಕದಲ್ಲಿ ಬರೆಯಬೇಕು. ಆಗ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಜಲಾಶಯ ಇರುವುದು ಹಿರಿಯೂರಿನಲ್ಲಾದರೂ ನೀರು ಬರುವುದು ಎಲ್ಲಿಂದ? ನದಿಯ ಮೂಲ ಬಾಬಾಬುಡನ್ ಗಿರಿಯ ಕಡೆ. ಕಡೂರು, ಹೊಸದುರ್ಗಗಳ ಸೀಮೆಯನ್ನು ಹಾದು ಅದು ಇಲ್ಲಿಗೆ ಬರುತ್ತದೆ. ಆದ್ದರಿಂದ ಕಡೂರಿನ ಮಳೆಗೂ ಒಂದು ಅಂಕಣ ಬೇಕು. ನದಿಯ ಮೇಲ್ಭಾಗದ ಕೆರೆಕಟ್ಟೆಗಳು ತಡೆದಿಟ್ಟ ನೀರಿಗೆ ಇನ್ನೊಂದು ಬೇಕು. ಇತ್ತೀಚಿನ ವರ್ಷಗಳಲ್ಲಿ ಭದ್ರಾ ನದಿಯ ನೀರನ್ನೂ ಎತ್ತಿ ಇಲ್ಲಿಗೆ ಹರಿಸಲಾಗಿದೆ, ಅದಕ್ಕೆ ಮತ್ತೊಂದು. ಅಂಕಣಗಳು ಹೆಚ್ಚಿದಂತೆ, ಒಂದೇ ಕಾರಣವನ್ನು ಹಿಡಿದಿದ್ದ ಉತ್ತರ ಸಡಿಲವಾಗುತ್ತದೆ. ಹೀಗೆ ಹೋಲಿಸುವ, ಸಂದೇಹಿಸುವ, ಕಾರಣವನ್ನು ಅರಸುವ ಶಕ್ತಿಯೇ ಚಿಂತನಶಕ್ತಿ.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಎರಡು ಅಂಕಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ತಿಳಿಯಬಾರದು. ದೊರೆಯದ ಅಂಕಿಯ ಜಾಗವನ್ನು ಊಹೆಯಿಂದ ತುಂಬದೆ ಬರಿದಾಗಿಯೇ ಬಿಡಬೇಕು.

ಇದು ಕೇವಲ ಪಾಠಶಾಲೆಯ ಆಟವಲ್ಲ. ಹಿರಿಯೂರಿನ ತೋಟಗಳೂ ಚಿತ್ರದುರ್ಗದ ಮನೆಗಳೂ ಈ ನೀರನ್ನು ನಂಬಿವೆ. ಮಳೆಯನ್ನಷ್ಟೇ ದೂರುತ್ತ ಕುಳಿತವನು ಆಕಾಶವನ್ನು ನೋಡುತ್ತಾನೆ. ಕಾರಣಗಳನ್ನೆಲ್ಲ ತೂಗಿ ನೋಡಿದವನು ತನ್ನ ಕೈಯಲ್ಲಿರುವುದೇನೆಂದು ಅರಿತು ಕೆಲಸಕ್ಕೆ ಇಳಿಯುತ್ತಾನೆ.