ಮಲ್ಲೇಶ್ವರಕ್ಕೆ ಹೊಸದಾಗಿ ಬಂದವರಿಗೆ

ಮಲ್ಲೇಶ್ವರದಲ್ಲಿ ಫ್ಲ್ಯಾಟ್ ಕೊಂಡಿರಿ, ಬಹಳ ಸಂತೋಷ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಈ ಬಡಾವಣೆಯಲ್ಲಿ ಮನೆ ಕೊಂಡು ನೋಡುವುದೂ ಅದಕ್ಕೇನು ಕಡಿಮೆಯಿಲ್ಲ ಬಿಡಿ. ದುಡ್ಡು ಕೊಟ್ಟಾಯಿತು, ಕೀಲಿ ಕೈಗೆ ಬಂತು. ಇನ್ನು ಇಲ್ಲಿ ಬಾಳುವ ಬಗೆಯನ್ನು ಹಳಬಳಾದ ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ಮೊದಲು ಕಾರಿನ ವಿಷಯ. 1898ರಲ್ಲಿ ಪ್ಲೇಗು ಬಂದಾಗ ಬೆಂಗಳೂರು ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಗಾಳಿ, ಬೆಳಕು ಹುಡುಕಿಕೊಂಡು ಬಂದ ಜಾಗ ಇದು. ನೇರವಾದ ಅಡ್ಡರಸ್ತೆಗಳು, ಮನೆಗಳ ಬೆನ್ನಿಗೆ ಮಲ, ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಎಲ್ಲ ಆರೋಗ್ಯದ ಲೆಕ್ಕದಲ್ಲೇ ಆದದ್ದು. ಮನೆಗೆ ಮೂರು ಕಾರು ಎಂಬ ಲೆಕ್ಕ ಆಗ ಯಾರ ತಲೆಯಲ್ಲೂ ಇರಲಿಲ್ಲ. ನೀವು ಮೂರನೆಯದನ್ನು ಫುಟ್‌ಪಾತಿಗೆ ಹತ್ತಿಸಿ ನಿಲ್ಲಿಸಿದರೆ ಪಕ್ಕದ ಮನೆಯ ಅಜ್ಜಿ ಬಸ್ಸುಗಳ ನಡುವೆ ನಡೆಯಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಂಟನೇ ಕ್ರಾಸಿನಿಂದ ಹೂವು ತರಲು ಕಾರೇಕೆ? ನಡೆದು ಹೋಗಿ. ಭಾನುವಾರ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆಗೂ ಅಷ್ಟೇ; ಅಲ್ಲಿ ಟೇಬಲ್ಲಿಗೆ ಕಾಯುವುದಕ್ಕಿಂತ ಹೆಚ್ಚು ಹೊತ್ತು ಪಾರ್ಕಿಂಗಿಗೇ ಹಿಡಿಯುತ್ತದೆ. ದೂರ ಹೋಗಬೇಕೆಂದರೆ ಮೆಟ್ರೋ ಇದೆ.

ಹೂವು ಅಂದೆನಲ್ಲ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮೊಳಕ್ಕೆ ಹತ್ತು ರೂಪಾಯಿ ಇಳಿಸಲು ಹೂವಿನಮ್ಮನ ಜೊತೆ ಜಗ್ಗಾಡಬೇಡಿ. ಮಾಲಿನಲ್ಲಿ ಬಿಲ್ಲು ನೋಡದೆ ಕಾರ್ಡು ಉಜ್ಜುವ ನೀವು ಇಲ್ಲಿ ಮಾತ್ರ ಜಾಣರಾಗುವುದು ಚೆಂದವೇ?

ಈಗ ಮುಖ್ಯವಾದದ್ದು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಬೇರೆ ಲಿಫ್ಟ್ ಎಂಬ ಬೋರ್ಡಿದ್ದರೆ ಮುಂದಿನ ಮೀಟಿಂಗಿನಲ್ಲೇ ತೆಗೆಸಿ. ನಿಮ್ಮ ಪಾತ್ರೆ ಬೆಳಗಿ, ಬಟ್ಟೆ ಮಡಿಸಿ, ಮಗುವಿಗೆ ತುತ್ತಿಡುವ ಕೈ ಲಿಫ್ಟಿನ ಬಟನ್ನು ಮುಟ್ಟಿದರೆ ಏನಾಗುತ್ತದೆ? ಕಾಫಿಗೆ ಬೇರೆ ಲೋಟವೂ ಬೇಡ. ವಾರಕ್ಕೊಂದು ರಜೆ ಕೊಡಿ, ಆ ದಿನ ಫೋನ್ ಮಾಡಿ ಕರೆಯಬೇಡಿ. ಜ್ವರ ಬಂದು ಮಲಗಿದರೆ ಸಂಬಳ ಹಿಡಿಯಬೇಡಿ. ಹಬ್ಬಕ್ಕೆ ಹಳೆ ಸೀರೆ ದಾಟಿಸಿ ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮ ಬೀದಿಯಲ್ಲಿ ಬಹಳ ಜನಕ್ಕಿದೆ. ನೀವು ಅದನ್ನು ಕಲಿಯಬೇಡಿ, ದುಡ್ಡೇ ಕೊಡಿ. ವಾಚ್‌ಮನ್ ರಾತ್ರಿಯೆಲ್ಲ ಕೂರುವುದು ಮುರುಕು ಕುರ್ಚಿಯ ಮೇಲೆ ಎಂಬುದನ್ನು ಎಂದಾದರೂ ನೋಡಿದ್ದೀರಾ? ಒಂದು ಒಳ್ಳೆ ಕುರ್ಚಿ, ಒಂದು ಫ್ಯಾನು, ಕೆಳಗೇ ಒಂದು ಶೌಚಾಲಯ. ಕೋಟಿಗಟ್ಟಲೆ ಕೊಟ್ಟ ಕಟ್ಟಡಕ್ಕೆ ಇದು ಭಾರವಲ್ಲ.

ಕಸ ನಿಮ್ಮದೇ, ಆದ್ದರಿಂದ ವಿಂಗಡಿಸುವುದೂ ನೀವೇ. ಹಸಿ ಕಸ ಬೇರೆ, ಒಣ ಕಸ ಬೇರೆ. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಗುರುತು ಹಾಕಿ. ಪೌರಕಾರ್ಮಿಕರು ಬರಿಗೈಯಲ್ಲಿ ಅವನ್ನು ಬಿಡಿಸಬೇಕಾದ ಗತಿ ತರಬೇಡಿ.

ಮನೆ ಮುಂದಿನ ಮರದ ಎಲೆ ಕಾರಿನ ಮೇಲೆ ಉದುರುತ್ತದೆಂದು ಕೊಡಲಿ ಹಿಡಿಯಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಅದು ನಿಮ್ಮ ಕಾಂಪೌಂಡಿನೊಳಗಿದ್ದರೂ ಸರಿ. ಸಂಪಿಗೆ ರಸ್ತೆಯಲ್ಲಿ ಹೆಸರಿಗಾದರೂ ಸಂಪಿಗೆ ಉಳಿದಿದೆ, ಸದ್ಯ. ಸ್ಯಾಂಕಿ ಕೆರೆಗೆ ವಾಕಿಂಗ್ ಹೋದಾಗ ಫೋನಿನ ಸ್ಪೀಕರ್ ಹಾಕಿ ಊರಿಗೆಲ್ಲ ಕೇಳಿಸಬೇಡಿ. 1882ರಿಂದ ಇರುವ ಕೆರೆ ಅದು, ಬೆಳಗಿನ ಹೊತ್ತು ಹಕ್ಕಿಗಳ ದನಿ ಕೇಳಲಿಕ್ಕೇ ಬರುವವರು ಎಷ್ಟೋ ಮಂದಿ.

ಇನ್ನು ನೆರೆಹೊರೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತಾರೆ, ಆದರೆ ವರ್ಷವಾದರೂ ಪಕ್ಕದ ಮನೆಯವರ ಹೆಸರು ತಿಳಿಯದ ಫ್ಲ್ಯಾಟಿನವರನ್ನು ನಾನು ಕಂಡಿದ್ದೇನೆ. ಪಕ್ಕದ ಹೆಂಚಿನ ಮನೆಯ ರಾಯರನ್ನು ಮಾತನಾಡಿಸಿ. ಮಕ್ಕಳು ಅಮೆರಿಕದಲ್ಲಿದ್ದಾರೆ, ಇಲ್ಲಿ ಗಂಡ-ಹೆಂಡತಿ ಇಬ್ಬರೇ. ಔಷಧಿ ತರಲು ಹೋಗುವಾಗ ನಿಮಗೇನಾದರೂ ಬೇಕೇ ಎಂದು ಒಂದು ಮಾತು ಕೇಳಿ. "ಸೈಟು ಯಾವಾಗ ಮಾರ್ತೀರಿ?" ಎಂದು ಮಾತ್ರ ದಯವಿಟ್ಟು ಕೇಳಬೇಡಿ, ಬಿಲ್ಡರುಗಳು ಕೇಳಿ ಕೇಳಿ ಅವರಿಗೆ ಸಾಕಾಗಿಹೋಗಿದೆ.